ಉಂಗುರದ ಬೆರಳು

ಬೆಳಿಗ್ಗೆ ಎದ್ದರೆ ಮಡಿಸಿದ ಬೆರಳು ಬಿಚ್ಚುತ್ತಿರಲಿಲ್ಲ.
ಎಡಗೈಯಿಂದ ಎಳೆದರೆ ಟಕ್ ಅಂತಿತ್ತು,
ಅಂಗಡಿಯ ಹಳೇ ಶಟರಿನ ಹಾಗೆ
ಅರ್ಧಕ್ಕೆ ನಿಂತು, ಆಮೇಲೆ ಒಮ್ಮೆಲೇ.

ಇಪ್ಪತ್ತಾರು ವರ್ಷ ಕತ್ತರಿಯ ಕಣ್ಣೊಳಗೆ ಕೂತ ಬೆರಳು.
ಕಾರವಾರದ ಎಷ್ಟು ತಲೆ ಸುತ್ತಿ ಬಂದಿದೆಯೋ:
ನೌಕಾನೆಲೆಯ ಹುಡುಗರ ಒಂದೇ ಅಳತೆಯ ತಲೆ,
ಬೈತಖೋಲದ ದುರ್ಗೇಕರನ ಉಪ್ಪು ಹತ್ತಿ ತಂತಿಯಾದ ಕೂದಲು,
ಮಡಿಲಲ್ಲಿ ಕೂತು ಚೀರಿದ ಕೂಸುಗಳು,
ಅವೇ ಕೂಸುಗಳು ಮದುವೆಯ ಮುನ್ನಾದಿನ.

ಒಂದು ಶನಿವಾರ ಯಾರದೋ ಕಿವಿಯ ಹತ್ತಿರ
ಬೆರಳು ಮುಚ್ಚಿಕೊಂಡಿತು. ತೆರೆಯಲಿಲ್ಲ.
ಕತ್ತರಿ ನೇತಾಡಿಸಿಕೊಂಡೇ
ಕನ್ನಡಿಯಲ್ಲಿದ್ದ ಗಿರಾಕಿಗೆ ನಕ್ಕೆ.

"ಸಣ್ಣದು," ಅಂದರು ಡಾಕ್ಟರು, "ಇಪ್ಪತ್ತು ನಿಮಿಷ."
ಮೊದಲು ಉಂಗುರ ತೆಗೆಯಬೇಕು.
ಸುಗಂಧಾ ಆಸ್ಪತ್ರೆಯ ನಲ್ಲಿಯ ಕೆಳಗೆ ಸೋಪು ಹಚ್ಚಿ
ತಿರುಗಿಸಿದಳು, ಬೈದಳು, ಊದಿದಳು.
ಹತ್ತೊಂಬತ್ತು ವರ್ಷದ ಬಂಗಾರ
ಗಂಟು ದಾಟಿ ಬಂತು, ಬಿಳಿ ಗುರುತು ಬಿಟ್ಟು.
ತನ್ನ ಹೆಬ್ಬೆರಳಿಗೆ ಹಾಕಿಕೊಂಡಳು. ದೊಗಳೆ.
ಮುಷ್ಟಿ ಕಟ್ಟಿ ಬಾಗಿಲ ಹೊರಗೆ ಕೂತಳು.

ಎಚ್ಚರವಿದ್ದೆ. ಹಸಿರು ಬಟ್ಟೆಯ ಆಚೆ
ಯಾರದೋ ಕೈ, ಮಂಜುಗಡ್ಡೆಯ ಮೇಲಿನ ಇಸ್ವಾಣದಂತೆ.
ಡಾಕ್ಟರು ನರ್ಸಿಗೆ ಕೇಳುತ್ತಿದ್ದರು
ಸಿಗಡಿಗೆ ಇವತ್ತು ಎಷ್ಟು ರೇಟು ಅಂತ.
ಆಮೇಲೆ ನನಗೆ: "ಮಡಿಸಿ. ಬಿಚ್ಚಿ."
ಮಡಿಸಿದೆ. ಬಿಚ್ಚಿದೆ.
ಟಕ್ ಅನ್ನಲಿಲ್ಲ.
ಆ ನಿಶ್ಶಬ್ದಕ್ಕೇ ಹೆದರಿದೆ.

ಮನೆಗೆ ಬಂದ ಮೇಲೆ ತಿಳಿಯಿತು
ಬಲಗೈ ಎಷ್ಟು ಜನ ಆಗಿತ್ತು ಅಂತ.
ಲುಂಗಿ ಕಟ್ಟುವವನು, ಬಂಗಡೆಯ ಮುಳ್ಳು ಬಿಡಿಸುವವನು,
ಬೆನ್ನು ತುರಿಸುವವನು,
ಎಲ್ಲರೂ ಒಂದೇ ಬ್ಯಾಂಡೇಜಿನೊಳಗೆ ಮಲಗಿದ್ದರು.

ಸುಗಂಧಾ ಅನ್ನ ಕಲಸಿ ತುತ್ತು ಕೊಟ್ಟಳು,
ಮುಳ್ಳು ಇದೆಯಾ ಎಂದು ಒತ್ತಿ ನೋಡಿ.
ಮಗಳೆದುರು ನಾಚಿಕೆ. ಚಮಚ ಕೊಡು ಅಂದೆ.
ಎಡಗೈ ಸಾರನ್ನು ಮೂಗಿಗೆ ಕುಡಿಸಿತು.
ಸಮೀಕ್ಷಾ ನಕ್ಕಳು. ಅಪ್ಪ ನಗಲಿಲ್ಲ.
ಎರಡು ವರ್ಷದಿಂದ ನಡುಗುವ ಕೈ,
ಅವನಿಗೂ ಚಮಚದ್ದೇ ಊಟ.

ಐದನೇ ದಿನ ಗಡ್ಡ.
"ಊರಿಗೆಲ್ಲ ಕ್ಷೌರ ಮಾಡುವವನ ಮುಖ ನೋಡು!"
ಪಕ್ಕದ ಮನೆಯ ತಳೇಕರ ಬೇಲಿಯಿಂದಲೇ ಕೂಗಿದ.
ಅಂಗಡಿಯ ಹೊಸ್ತಿಲು ಎಂದೂ ದಾಟದ ಸುಗಂಧಾ
ಬಾವಿಕಟ್ಟೆಯ ಮೇಲೆ ಕೂರಿಸಿ ನೊರೆ ಹಚ್ಚಿದಳು.
"ಮೇಲಿಂದ ಕೆಳಗೆ," ಅಂದೆ, "ಚರ್ಮ ಬಿಗಿ ಹಿಡಿ."
"ಮಾತಾಡಬೇಡ ಮಾರಾಯಾ, ಕೊಯ್ದೀತು."
ಗಿರಾಕಿಗಳಿಗೆ ನಾನು ಹೇಳುವ ಅದೇ ಮಾತು.
ಕತ್ತು ಚಾಚಿ ಕೂತೆ.
ಹೀಗೆ ಕೂರುತ್ತಾರಲ್ಲ ದಿನವೂ ನನ್ನೆದುರು, ಕಣ್ಣು ಮುಚ್ಚಿ,
ಎಷ್ಟು ಧೈರ್ಯ ಬೇಕು ಅದಕ್ಕೆ.
"ಇಲ್ಲೊಂದು ಮಚ್ಚೆ ಉಂಟು," ಅಂದಳು, ದವಡೆಯ ಕೆಳಗೆ
ಹೊಸ ಊರು ಕಂಡವಳಂತೆ.
ನನಗೆ ಗೊತ್ತಿತ್ತು. ಹೇಳಲಿಲ್ಲ.

ಹೊಲಿಗೆ ಬಿಚ್ಚಿದ ಮೇಲೆ ಸಮೀಕ್ಷಾಳ ಆಡಳಿತ.
ಕ್ಯಾಲೆಂಡರಿನ ಹಿಂದೆ ಗೀಟು:
ಚಪಾತಿ ಹಿಟ್ಟು ಹಿಂಡು, ಬಿಡು.
ಸಾಸಿವೆ ಕಾಳು ಒಂದೊಂದೇ ಎತ್ತು.
"ಸುಳ್ಳು ಲೆಕ್ಕ ಬೇಡ, ಏಳೇ ಆಗಿದ್ದು."
ಆ ತಿಂಗಳೆಲ್ಲ ಚಪಾತಿಯಲ್ಲಿ
ನನ್ನ ಬೆರಳಚ್ಚು ತಿಂದೆವು.

ಆರನೇ ವಾರ ಶಟರು ಎತ್ತಿದೆ, ಎಡಗೈಯಲ್ಲಿ.
ಒಳಗೆ ಬೂಷ್ಟು, ಪೌಡರಿನ ವಾಸನೆ.
ಮೊದಲ ತಲೆ ಯಾರದ್ದು?
ಅಪ್ಪ ರಿಕ್ಷಾದಿಂದ ಇಳಿದ. ಕೋಲೂರಿ ಬಂದು
ಮೂವತ್ತು ವರ್ಷ ಯಾವ ಕುರ್ಚಿಯ ಹಿಂದೆ ನಿಂತಿದ್ದನೋ
ಅದರಲ್ಲೇ ಕೂತ.
"ನನ್ನ ತಲೆ ಹಾಳಾದರೆ ನೋಡುವವರು ಯಾರು. ಹಾಕು."

ಕತ್ತರಿ ನಡುಗಿತು. ಅವನ ತಲೆಯೂ ನಡುಗುತ್ತಿತ್ತು.
ಒಮ್ಮೊಮ್ಮೆ ಎರಡೂ ಒಂದೇ ತಾಳಕ್ಕೆ ಸಿಕ್ಕಾಗ
ಒಂದು ಎಳೆ ನೇರ ಬಿತ್ತು.
ಬಲಗಿವಿಯ ಮೇಲೆ ಮೆಟ್ಟಿಲಾಯಿತು.
ಹಿಂದಿನಿಂದ ಕನ್ನಡಿ ಹಿಡಿದು ತೋರಿಸಿದೆ.
ಬಹಳ ಹೊತ್ತು ನೋಡಿದ,
ನಾನು ಕಲಿಯುವಾಗ ನೋಡುತ್ತಿದ್ದ ಹಾಗೆ.
"ಅಡ್ಡಿಲ್ಲ," ಅಂದು
ಜೇಬು ತಡಕಿ ಐವತ್ತು ರೂಪಾಯಿ ತೆಗೆದ.

ಉಂಗುರ ಇನ್ನೂ ಸುಗಂಧಾಳ ಹತ್ತಿರವೇ.
ದಾರ ಸುತ್ತಿ ಹೆಬ್ಬೆರಳಿಗೆ ಬಿಗಿ ಮಾಡಿಕೊಂಡಿದ್ದಾಳೆ.
ಕೇಳಿದರೆ, "ಬಾವು ಇಳಿಯಲಿ," ಅನ್ನುತ್ತಾಳೆ.
ಬಾವು ಇಳಿದು ಒಂದು ಮಳೆಗಾಲ ಆಯಿತು.